ಬ್ಯಾಗು ಬಿಟ್ಟು ಹೋದ ದಿನ

ಸ್ಟೇಷನ್ ರಸ್ತೆಯ ವಿಮಾ ಆಫೀಸಿಗೆ ಹಣಕಾಸು ಸಲಹೆಗಾರನ ಕೆಲಸ ಕೇಳಿ ಹೋದಾಗ ಮ್ಯಾನೇಜರ್ ನನ್ನ ಪಿಯುಸಿ ಅಂಕಪಟ್ಟಿಯನ್ನು ಬಿಚ್ಚಿಯೂ ನೋಡಲಿಲ್ಲ. ಬಿಳಿ ಹಾಳೆ ಕೊಟ್ಟು, "ಡಿಗ್ರಿ ಬ್ಯಾಡ್ರಿ, ನಿಮ್ಮ ಬಳಗದಾಗಿನ ನೂರು ಮಂದಿ ಹೆಸರು ಬರೀರಿ" ಎಂದರು. ಇವರಿಗೆ ಬೇಕಾದದ್ದು ನಾನಲ್ಲ, ನನ್ನ ಬಳಗ ಎಂಬ ಗುಮಾನಿ ಆಗಲೇ ಬಂತು. ಆದರೂ ಬರೆದೆ. ಮೊದಲ ಹೆಸರು ತಿಕೋಟಾದ ಸೋದರತ್ತೆಯದು. ನಾನು ಒಯ್ದ ಪಾಲಿಸಿಗೆ ಅವಳು ಓದದೆಯೇ ಸಹಿ ಹಾಕಿದಳು.

ಈಗ ಬಬಲೇಶ್ವರದ ಮದುವೆಗೆ ಹೋದರೂ ಬೀಗರು ಮುಖಕ್ಕಿಂತ ಮೊದಲು ಪಾಲಿಸಿ ಫಾರ್ಮುಗಳಿರುವ ನನ್ನ ಬ್ಯಾಗು ನೋಡುತ್ತಾರೆ. ನಾನು ನಕ್ಕರೂ ಅವರಿಗೆ ಅನುಮಾನ, ಸುಮ್ಮನಿದ್ದರೂ ಅನುಮಾನ. ಮೊನ್ನೆ ಅತ್ತೆಗೆ ಜ್ವರವೆಂದು ಕೇಳಿ, ಬ್ಯಾಗನ್ನು ಮನೆಯಲ್ಲೇ ಬಿಟ್ಟು, ಬರೀ ಮೋಸಂಬಿ ಹಿಡಿದು ಹೋದೆ. ನನ್ನನ್ನು ಕಂಡವಳೇ ಹಾಸಿಗೆಯಲ್ಲಿ ಎದ್ದು ಕೂತು, ದಿಂಬಿನಡಿ ಕನ್ನಡಕ ತಡಕಿದಳು.

"ಎಲ್ಲಿ ಸಹಿ ಮಾಡ್ಲೆಪಾ?"