ಅಪ್ಪನ ರೆಕಾರ್ಡಿನ ಹೆಂಗಸು

ನಿನ್ನೆ ಪ್ಲಿಮತ್‌ನ ಹಳೆಯ ರೆಕಾರ್ಡುಗಳ ಅಂಗಡಿಯಲ್ಲಿ ಮುಗ್ಗಲು ಹಿಡಿದ ರಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬೆಳೆದ ನೋವೈ ಊರಿನ ನಮ್ಮ ಮನೆಯ ಬೇಸ್‌ಮೆಂಟ್ ಕಣ್ಣಮುಂದೆ ಬಂತು.

ಅಪ್ಪ ಪ್ರತಿ ಭಾನುವಾರ ಅಲ್ಲಿ ಒಂದೇ ರೆಕಾರ್ಡ್ ಹಾಕುತ್ತಿದ್ದರು. ರಾಕ್ ಸಂಗೀತದಲ್ಲಿ ಬ್ಯಾಂಡಿನ ಗದ್ದಲ ಬಿಟ್ಟು, ತಮ್ಮ ಒಳಗುದಿಯನ್ನು ತಾವೇ ಬರೆದು ಹಾಡುವವರು ಬಂದ ಕಾಲದ ಗಾಯಕಿಯೊಬ್ಬಳದು ಅದು. ಒಂದು ಗಿಟಾರ್ ಹಿಡಿದು ತನ್ನ ಮುರಿದ ಮದುವೆಯನ್ನು ಹಾಡುವಾಗ ಅವಳ ದನಿ ಒಡೆಯುತ್ತಿತ್ತು. ಕಾಫಿ ಆರಿಹೋದರೂ ಅಪ್ಪ ಕಣ್ಣು ಮುಚ್ಚಿ ಕೂತಿರುತ್ತಿದ್ದರು.

ಅವಳ ಮೇಲೆ ನನಗೆ ಹೊಟ್ಟೆ ಉರಿಯುತ್ತಿತ್ತು. ಸಂಕಟ ನನಗೂ ಇತ್ತು: ಸ್ಕೂಲ್ ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರುತ್ತಿರಲಿಲ್ಲ. ಒಂದು ದಿನ ಆ ಸಂಕಟಕ್ಕೇ ಹಾಡು ಕಟ್ಟಿ ಅಪ್ಪನೆದುರು ಹಾಡಿದೆ. ಎರಡನೇ ಸಾಲಿಗೇ ಅವರು ಎದ್ದು ಶ್ರುತಿಪೆಟ್ಟಿಗೆ ಆನ್ ಮಾಡಿದರು.

“ಶ್ರುತಿ ಬಿಡ್ತಾ ಇದೀಯ ಪುಟ್ಟಿ. ಮೊದಲಿಂದ ಹಾಡು.”

“ಅವಳೂ ಬಿಡ್ತಾಳಲ್ಲ ಅಪ್ಪಾ!”

“ಅವಳು ಮನಸ್ಸಲ್ಲಿರೋದನ್ನ ಹಾಡ್ತಾಳೆ ಕಣೇ.”

ಆಮೇಲೆ ನಾನು ಹಾಡು ಕಟ್ಟಲಿಲ್ಲ.

ನಿನ್ನೆ ಅದೇ ರೆಕಾರ್ಡ್ ಕೈಗೆ ಸಿಕ್ಕಿತು, ಹೊದಿಕೆಯ ಮೇಲೆ ಅದೇ ಮುಖ. ಅಪ್ಪನ ಹತ್ತಿರವಿದ್ದ ಪ್ರತಿ ಯಾವತ್ತೋ ಸವೆದುಹೋಗಿದೆ. ಇದನ್ನು ಒಯ್ದು ಕೊಟ್ಟರೆ ಕುಣಿದಾಡುತ್ತಾರೆ ಎಂದು ಗೊತ್ತಿತ್ತು. ರೆಕಾರ್ಡುಗಳ ಸಾಲಿನ ಕೊನೆಯಲ್ಲಿ, ಅವಳ ಮುಖವನ್ನು ಗೋಡೆಗೆ ತಿರುಗಿಸಿ ಇಟ್ಟು ಬಂದೆ.