ಬರೀ ತುಟಿಯಾಡಿಸುವವರ ಅಕ್ಕೋರು

ಇಡೀ ತರಗತಿ ಒಂದೇ ದನಿಯಲ್ಲಿ ಪಾಠ ಓದುವಾಗ ಅಕ್ಕೋರು ಸಾಲುಗಳ ನಡುವೆ ಬೆನ್ನು ಬಗ್ಗಿಸಿಕೊಂಡು ನಡೆಯುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕವನ್ನು ತಲೆಯ ಮೇಲಕ್ಕೆ ಏರಿಸಿ, ಒಂದೊಂದು ಮಗುವಿನ ಬಾಯಿಯ ಹತ್ತಿರ ಕಿವಿ ಒಯ್ಯುತ್ತಿದ್ದರು. ಅವರ ಕಿವಿಯ ಪುಟ್ಟ ಚಿನ್ನದ ಬಾಲಿ ಮಗುವಿನ ಕೆನ್ನೆಗೆ ತಾಗುವಷ್ಟು ಹತ್ತಿರ. ಕೆಲವು ಮಕ್ಕಳಿಗೆ ಕಚಗುಳಿಯಾಗಿ ನಗು ಬರುತ್ತಿತ್ತು. ಕೆಲವರು ಮಾತ್ರ ಅವರು ಬಗ್ಗುತ್ತಿದ್ದಂತೆ ಗಕ್ಕನೆ ಬಾಯಿ ಮುಚ್ಚಿಬಿಡುತ್ತಿದ್ದರು. ಅಕ್ಕೋರು ಹುಡುಕುತ್ತಿದ್ದದ್ದು ಅವರನ್ನೇ.

ಬ್ಯಾಡಗಿಯ ಆ ಸರಕಾರಿ ಶಾಲೆಗೆ ನಾನು ಹೊಸದಾಗಿ ಶಿಕ್ಷಕಿಯಾಗಿ ಸೇರಿದ ದಿನಗಳು ಅವು. ನಾನು ರಾಣೆಬೆನ್ನೂರಿನಿಂದ ಬರುತ್ತಿದ್ದೆ, ಅಕ್ಕೋರು ಹಾವೇರಿಯಿಂದ. ಮುಂಜಾನೆ ಬ್ಯಾಡಗಿಯ ಬಸ್ ಸ್ಟ್ಯಾಂಡಿನಲ್ಲಿ ಯಾರು ಮೊದಲು ಇಳಿದರೂ ಇನ್ನೊಬ್ಬರಿಗಾಗಿ ಕಾಯಬೇಕು ಎಂಬುದು ಅವರೇ ಮಾಡಿದ ನಿಯಮ. ಮೆಣಸಿನಕಾಯಿ ಸುಗ್ಗಿಯ ದಿನಗಳಲ್ಲಿ ಇಬ್ಬರೂ ಸೀನುತ್ತ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಶಾಲೆಯ ದಾರಿ ಹಿಡಿಯುತ್ತಿದ್ದೆವು. ಅವರು ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಮದುವೆಯಾಗಿರಲಿಲ್ಲ, ತಂಗಿಯ ಸಂಸಾರದ ಜತೆ ಇದ್ದರು. ನನ್ನನ್ನು ತಂಗಿ ಎಂದು ಕರೆಯುತ್ತಿದ್ದರು. ನಾನು ಮಕ್ಕಳ ಹಾಗೆಯೇ ಅಕ್ಕೋರು ಎನ್ನುತ್ತಿದ್ದೆ. ಅದು ಕೊನೆಯತನಕ ಬದಲಾಗಲಿಲ್ಲ.

ಮಕ್ಕಳ ಬಾಯಿಗೆ ಕಿವಿ ಕೊಡುವುದು ಯಾಕೆ ಎಂದು ಒಮ್ಮೆ ಕೇಳಿದ್ದೆ.

"ನಮ್ಮ ಮನ್ಯಾಗ ಉರ್ದು ತಂಗಿ. ನನ್ನ ಕನ್ನಡ ಸಾಲಿಗೆ ಹಾಕಿದ್ರು. ಮೂರನೇ ಇಯತ್ತೆ ಮಟ ನಾ ಬರೀ ತುಟಿ ಆಡಸ್ತಿದ್ದೆ. ಎಲ್ಲಾರೂ ಕೂಡಿ ಓದೂವಾಗ ಒಬ್ಬಾಕಿ ಓದವಲ್ಲಳು ಅಂತ ಯಾರಿಗೆ ಗೊತ್ತಾಗಬೇಕು? ಪಾಠ ಬಾಯಿಪಾಠ ಬರ್ತಿತ್ತು, ಅಕ್ಷರ ಬರ್ತಿದ್ದಿಲ್ಲ. ಅಂಜಿಕಿ ಅಂದ್ರ ಅಂಜಿಕಿ. ಈಗೂ ಒಮ್ಮೊಮ್ಮೆ ಕನಸಿನ್ಯಾಗ ತುಟಿ ಆಡಸ್ತಿರ್ತೇನಿ."

ಹೀಗೆ ಸಿಕ್ಕಿದ ಮಕ್ಕಳಿಗೆ ಅವರು ಮಾಡುತ್ತಿದ್ದ ವ್ಯವಸ್ಥೆಯನ್ನು ನಾನು ಇವತ್ತಿಗೂ ಅನುಸರಿಸುತ್ತೇನೆ. ಮೊದಲು ತರಗತಿಯಲ್ಲಿ ಎಲ್ಲರಿಗೂ ಚೆನ್ನಾಗಿ ಕಲಿಸಬೇಕು. ಅಷ್ಟಾದರೂ ಹಿಂದೆ ಬಿದ್ದವರನ್ನು ಐದಾರು ಮಂದಿಯಂತೆ ಕೂಡಿಸಿಕೊಂಡು ಬಿಸಿಯೂಟದ ನಂತರ ಅರ್ಧ ಗಂಟೆ ಬೇರೆಯಾಗಿ ಓದಿಸಬೇಕು. ಅದರಲ್ಲೂ ಓದು ಹತ್ತದವರನ್ನು ಒಬ್ಬೊಬ್ಬರನ್ನೇ ಕೂರಿಸಿಕೊಳ್ಳಬೇಕು. ಕೆಲವು ವಾರಗಳಿಗೊಮ್ಮೆ ಮತ್ತೆ ಕಿವಿಗೊಟ್ಟು ಕೇಳಿ, ಸುಧಾರಿಸಿದವರನ್ನು ಮರಳಿ ತರಗತಿಗೆ ಕಳಿಸಬೇಕು. ತರಬೇತಿಗಳಲ್ಲಿ ಇದಕ್ಕೆ ಮೊದಲನೆಯ ಹಂತ, ಎರಡನೆಯ ಹಂತ, ಮೂರನೆಯ ಹಂತ ಎಂದು ಹೆಸರಿಟ್ಟು ಹೇಳುತ್ತಿದ್ದರು. ಅಕ್ಕೋರು ಆ ಹೆಸರುಗಳನ್ನು ಬಳಸುತ್ತಿರಲಿಲ್ಲ. "ಎಲ್ಲಾರಿಗೂ ಕಲಸೂದು ಒಂದು ನಮೂನಿ, ಐದು ಮಂದಿಗೆ ಕಲಸೂದು ಒಂದು ನಮೂನಿ. ಒಬ್ಬಾಕಿ ಮುಂದ ಕುಂತಾಗ ಮಾತ್ರ ನಾವೂ ಕಲೀತೇವಿ ನೋಡು," ಎನ್ನುತ್ತಿದ್ದರು.

ಒಬ್ಬೊಬ್ಬರನ್ನೇ ಓದಿಸುತ್ತಿದ್ದುದು ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ. ಕವಾಯತಿನ ಡೋಲು, ಹರಿದ ವಾಲಿಬಾಲ್ ನೆಟ್ಟು, ಮುರಿದ ಕುರ್ಚಿಗಳ ನಡುವೆ ಒಂದು ಚಾಪೆ. ಒಳಗೆ ಮಗು ಕೂತಿದ್ದಾಗ ಬಾಗಿಲು ಮುಚ್ಚಿರುತ್ತಿತ್ತು. ಆಗ ಮುಖ್ಯ ಗುರುಗಳು ಕರೆದರೂ ಅಕ್ಕೋರು ಏಳುತ್ತಿರಲಿಲ್ಲ.

ರೇಣುಕಾ ಆರನೆಯ ತರಗತಿಗೆ ಬಂದು ಸೇರಿದಾಗ ಅವಳಿಗೆ ತನ್ನ ಹೆಸರಿನ ಆಚೆಗೆ ಏನೂ ಓದಲು ಬರುತ್ತಿರಲಿಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಎತ್ತರದ ಹುಡುಗಿ. ಕೂತಾಗಲೂ ತಲೆ ತಗ್ಗಿಸಿ, ಭುಜ ಕುಗ್ಗಿಸಿ ಮೈಯನ್ನು ಸಣ್ಣದು ಮಾಡಿಕೊಳ್ಳಲು ನೋಡುತ್ತಿದ್ದಳು. ತಾಯಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ತಂದೆ ಇರಲಿಲ್ಲ. ಹಿಂದಿನ ಶಾಲೆಯಲ್ಲಿ ಅವಳು ಹೇಗೋ ಮೇಲಿನ ತರಗತಿಗೆ ಹೋಗುತ್ತ ಬಂದಿದ್ದಳು. ಅಕ್ಕೋರು ಮೊದಲ ವಾರದಲ್ಲೇ ಅವಳ ಬಾಯಿಗೆ ಕಿವಿ ಕೊಟ್ಟು, ಏನೂ ಕೇಳಿಸದೆ, ಏನೂ ಹೇಳದೆ ಮುಂದಿನ ಮಗುವಿನ ಕಡೆ ಸರಿದರು. ಮರುದಿನದಿಂದ ಅವಳನ್ನು ಸಣ್ಣ ಕೋಣೆಗೆ ಕರೆದುಕೊಂಡರು.

ಮಳೆಗಾಲ ಮುಗಿಯುವತನಕ, ಅವಳು ಒಳಗಿದ್ದಾಗ ಆ ಕೋಣೆಯಿಂದ ಅಕ್ಕೋರ ದನಿ ಬಿಟ್ಟರೆ ಬೇರೆ ದನಿ ಕೇಳಲಿಲ್ಲ. ದಸರೆಯ ರಜೆ ಕಳೆದು ಒಂದು ಮಧ್ಯಾಹ್ನ ನಾನು ಆ ಮೆಟ್ಟಿಲು ಇಳಿಯುತ್ತಿದ್ದಾಗ ಒಳಗಿನಿಂದ ರೇಣುಕಾ ಒಂದೊಂದೇ ಅಕ್ಷರ ತಡವರಿಸಿ ಕೂಡಿಸುವುದು ಕೇಳಿತು. ಹಾದಿ ತಪ್ಪಿದ ಆಡಿನ ಮರಿಯ ಕತೆ. ಒಂದು ಸಾಲು ಮುಗಿಸಿ ಅವಳು ನಿಟ್ಟುಸಿರು ಬಿಟ್ಟಳು. ಅಕ್ಕೋರು, "ಮುಂದ ಆ ಮರಿ ಏನ್ ಮಾಡ್ತು ಯವ್ವಾ? ನನಗ ಗೊತ್ತಿಲ್ಲ, ನೀನ ಹೇಳಬೇಕು," ಎನ್ನುತ್ತಿದ್ದರು. ಆ ಕತೆಯನ್ನು ಅವರು ಎಷ್ಟು ಮಕ್ಕಳಿಂದ ಓದಿಸಿದ್ದರೋ. ಆದರೆ ಅವರ ದನಿಯಲ್ಲಿ ನಿಜವಾಗಿಯೂ ಗೊತ್ತಿಲ್ಲದವರ ಕುತೂಹಲವಿತ್ತು.

ಆ ಚಳಿಗಾಲದಲ್ಲಿ ಬೇರೆ ಊರುಗಳ ಶಿಕ್ಷಕರ ತಂಡವೊಂದು ನಮ್ಮ ಶಾಲೆ ನೋಡಲು ಬಂತು. ಅಕ್ಕೋರ ಕೆಲಸದ ಸುದ್ದಿ ಅಷ್ಟು ದೂರ ಹೋಗಿತ್ತು. ಮುಖ್ಯ ಗುರುಗಳಿಗೆ ಸಂಭ್ರಮ. ಆರು ಮತ್ತು ಏಳನೆಯ ತರಗತಿಯವರನ್ನು ದೊಡ್ಡ ಕೋಣೆಯಲ್ಲಿ ಕೂಡಿಸಿದರು. ಬಂದವರಲ್ಲಿ ಒಬ್ಬರು, "ಮೂರನೇ ಹಂತದಾಗ ಕಲತ ಮಗು ಯಾವುದ್ರಿ? ಒಂದೀಟು ಓದಸ್ರಿ, ಕೇಳೋಣು," ಎಂದರು.

ಅಕ್ಕೋರು ತಡೆಯಲಿಲ್ಲ. ಅವರ ಮುಖ ಅರಳಿದ್ದು ನನಗೆ ಕಾಣುತ್ತಿತ್ತು. ರೇಣುಕಾಳ ಕಡೆ ತಿರುಗಿ, "ಯವ್ವಾ, ಆಡಿನ ಮರಿ ಕತಿ ಓದು," ಎಂದು ಆ ತೆಳ್ಳನೆಯ ಪುಸ್ತಕ ಕೊಟ್ಟರು.

ಅವಳು ಎದ್ದು ನಿಂತಳು. ಪುಸ್ತಕದ ಅಕ್ಷರಗಳು ದಪ್ಪ, ಪುಟಕ್ಕೊಂದು ಚಿತ್ರ. ಅವಳು ಮೊದಲ ಸಾಲು ಓದುತ್ತಿದ್ದಂತೆ ಹಿಂದಿನಿಂದ ಏಳನೆಯ ತರಗತಿಯ ಹುಡುಗಿಯೊಬ್ಬಳ ಮಾತು ಕೇಳಿಸಿತು. "ಅದು ನಮ್ಮ ತಮ್ಮ ಓದೂ ಪುಸ್ತಕ. ಒಂದನೇ ಇಯತ್ತೆದು." ಸಣ್ಣಗೆ ನಗು ಎದ್ದು, ಮುಖ್ಯ ಗುರುಗಳು ಕಣ್ಣು ಬಿಟ್ಟಿದ್ದೇ ನಿಂತುಹೋಯಿತು. ರೇಣುಕಾ ನಿಲ್ಲಿಸಲಿಲ್ಲ. ಕೊನೆಯ ಪುಟದತನಕ ಒಂದಕ್ಷರ ತಪ್ಪದೆ ಓದಿದಳು. ಬಂದವರು ಚಪ್ಪಾಳೆ ತಟ್ಟಿದರು, ಮಕ್ಕಳೂ ತಟ್ಟಿದರು. ಅವಳು ಪುಸ್ತಕವನ್ನು ಮೇಜಿನ ಮೇಲಿಟ್ಟು, ತನ್ನ ಜಾಗಕ್ಕೆ ಹೋಗಿ ಕೂತಳು.

ಆ ಸಂಜೆ ಅಕ್ಕೋರು ಬಸ್ ಸ್ಟ್ಯಾಂಡಿನ ಎದುರಿಗೆ ನನಗೆ ಮಂಡಕ್ಕಿಯ ಗಿರಮಿಟ್ಟು ಕೊಡಿಸಿದರು. ಅವರನ್ನು ಅಷ್ಟು ಖುಷಿಯಲ್ಲಿ ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. "ಎಷ್ಟು ಚೊಲೊ ಓದಿದಳು ನೋಡು ತಂಗಿ. ಎಲ್ಲೂ ಎಡವಲಿಲ್ಲ," ಎಂದು ಮತ್ತೆ ಮತ್ತೆ ಹೇಳಿದರು. ಹಾವೇರಿ ಬಸ್ಸು ಹತ್ತಿದ ಮೇಲೂ ಕಿಟಕಿಯಿಂದ ಅದನ್ನೇ ಹೇಳಿದರು.

ಮರುದಿನ ರೇಣುಕಾ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೊದಲು ಜ್ವರವಿರಬೇಕು ಎಂದು ಅಕ್ಕೋರು ಅಂದುಕೊಂಡರು. ವಾರ ಕಳೆಯುವ ಮುಂಚೆ ನಾವಿಬ್ಬರೂ ಅವಳ ಮನೆ ಹುಡುಕಿಕೊಂಡು ಹೋದೆವು. ತಾಯಿ ಹೊರಗೆ ಬಂದು, "ಏನಾಗೇತೋ ಗೊತ್ತಿಲ್ರಿ ಅಕ್ಕೋರ. ಸಾಲಿ ಅಂದ್ರ ಸಾಕು, ಎದ್ದು ಒಳಗ ಹೊಕ್ಕಾಳ. ದಿನಾ ನನ್ನ ಕೂಡ ಕೆಲಸಕ್ಕ ಬರಾಕತ್ಯಾಳ," ಎಂದಳು. ಹುಡುಗಿಯನ್ನು ಕರೆದಳು. ರೇಣುಕಾ ಬಾಗಿಲಲ್ಲಿ ನಿಂತಳು. ಆಗಷ್ಟೇ ಕೈ ತೊಳೆದಿದ್ದಳು, ಮೆಣಸಿನಕಾಯಿಯ ಖಾರಕ್ಕೆ ಬೆರಳುಗಳು ಕೆಂಪಗೆ ಉರಿ ಎದ್ದಿದ್ದವು.

"ಯಾಕ ಯವ್ವಾ, ಬರವಲ್ಲಿ? ಅವತ್ತು ಎಷ್ಟು ಚೆಂದ ಓದಿದಿ."

ಅವಳು ಬೆರಳುಗಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ನಿಂತಳು. ತಾಯಿ ಗದರಿಸಲು ಹೋದಾಗ ಅಕ್ಕೋರು ಕೈಯೆತ್ತಿ ತಡೆದರು. ಕೊನೆಗೆ ಅವಳೇ ನೆಲ ನೋಡುತ್ತ ಹೇಳಿದಳು.

"ನಾ ನಿಮಗಷ್ಟ ಅಂತ ಓದ್ತಿದ್ದೆ ರೀ ಅಕ್ಕೋರ."

ಅದರಲ್ಲಿ ಸಿಟ್ಟಿರಲಿಲ್ಲ. ನಮಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ತಿಳಿಸಿದ ಹಾಗಿತ್ತು. ನಾವು ಬಸ್ ಸ್ಟ್ಯಾಂಡಿಗೆ ಮರಳಿದೆವು. ಅಲ್ಲಿ ಅಕ್ಕೋರು ಕಲ್ಲುಬೆಂಚಿನ ಮೇಲೆ ಕೂತು, "ನನ್ನ ಯಾರರ ಹಂಗ ನಿಂದ್ರಿಸಿದ್ರ ನಾ ಸತ್ತ ಹೋಗ್ತಿದ್ದೆ," ಎಂದರು. "ನನಗರ ಗೊತ್ತಿರಬೇಕಿತ್ತಲ್ಲ ತಂಗಿ. ಬ್ಯಾರೆ ಯಾರಿಗೆ ಗೊತ್ತಿರದಿದ್ರೂ."

ಮುಂದೆ ಹಲವು ಸಲ ಆ ಮನೆಗೆ ಹೋದರು. ಬೇಸಿಗೆಯ ಹೊತ್ತಿಗೆ ರೇಣುಕಾಳನ್ನು ಕುಪ್ಪೇಲೂರಿನ ಚಿಕ್ಕವ್ವನ ಮನೆಗೆ ಕಳಿಸಿದ್ದಾರೆ ಎಂದು ತಿಳಿಯಿತು. ಒಂದು ರವಿವಾರ ಅಕ್ಕೋರು ಹಾವೇರಿಯಿಂದ ರಾಣೆಬೆನ್ನೂರಿಗೆ ಬಂದರು. ನಾನು ಜತೆಯಾದೆ, ಇಬ್ಬರೂ ಕುಪ್ಪೇಲೂರಿನ ಬಸ್ಸು ಹತ್ತಿದೆವು. ಅವರ ಚೀಲದಲ್ಲಿ ಯಾವಾಗಲೂ ಇರುತ್ತಿದ್ದ ಮಕ್ಕಳ ಪುಸ್ತಕಗಳು ಅವತ್ತು ಇರಲಿಲ್ಲ. ಒಂದು ಪುಡಿಕೆ ಪೇಢಾ ಮಾತ್ರ ಇತ್ತು.

ರೇಣುಕಾ ನೀರು ತಂದುಕೊಟ್ಟಳು, ಚಹಾ ಮಾಡಿದಳು. ಅಕ್ಕೋರು ಶಾಲೆಯ ಮಾತೆತ್ತಲಿಲ್ಲ. ಚಹಾದ ಬಟ್ಟಲು ಕೆಳಗಿಟ್ಟು, "ಯವ್ವಾ, ನಂದು ತಪ್ಪಾತು. ನಿನ್ನ ಕೇಳದ ಹಂಗ ಎಲ್ಲಾರ ಮುಂದ ಓದಿಸಿದೆ. ಅದನ್ನ ಹೇಳಾಕ ಬಂದೇನಿ," ಎಂದರು.

ಚಿಕ್ಕವ್ವ ಗಾಬರಿಯಾದಳು. "ಏನ್ರಿ ಅಕ್ಕೋರ, ಸಣ್ಣ ಹುಡುಗಿ ಮುಂದ ಇಂಥಾ ಮಾತಾಡ್ತೀರಿ. ಆಕೀಗೆ ಓದು ಹತ್ತಲಿಲ್ಲ, ಬಿಟ್ಟಾಳ."

"ಹತ್ತಿತ್ರಿ," ಎಂದರು ಅಕ್ಕೋರು. "ಆಕೀಗೆ ಹತ್ತಿತ್ತು."

ಹುಡುಗಿ ಒಳಗೆ ಹೋದವಳು ನಾವು ಹೊರಡುವತನಕ ಬರಲಿಲ್ಲ. ಅಲ್ಲಿನ ಶಾಲೆಗೆ ಹಾಕಿರೆಂದು ಚಿಕ್ಕವ್ವನಿಗೆ ಅಕ್ಕೋರು ಬೇಡಿಕೊಂಡರು. ಹಾಕಿದರಂತೆ. ಕೆಲವು ದಿನ ಹೋಗಿ ಬಿಟ್ಟಳಂತೆ.

ಆ ಮೇಲಿನ ವರ್ಷ ಸಣ್ಣ ಕೋಣೆಯ ರೀತಿ ಬದಲಾಯಿತು. ಅಕ್ಕೋರು ಈಗ ಎಲ್ಲ ಮಕ್ಕಳನ್ನೂ ಸರದಿಯ ಮೇಲೆ ಅಲ್ಲಿಗೆ ಕರೆಯುತ್ತಿದ್ದರು. ಜಾಣರು ಬಂದು ದೊಡ್ಡ ಕತೆ ಓದಿ ಹೋಗುತ್ತಿದ್ದರು, ಓದಲು ಬಾರದವರು ಅಕ್ಷರ ಕೂಡಿಸಿ ಹೋಗುತ್ತಿದ್ದರು. ಯಾರು ಯಾತಕ್ಕೆ ಬಂದರೆಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಹಿಂದುಳಿದ ದೊಡ್ಡ ಮಕ್ಕಳಿಗೆಂದು ಅವರ ವಯಸ್ಸಿಗೆ ತಕ್ಕ ಮಾತುಗಳನ್ನು, ಬಸ್ಸಿನ ಬೋರ್ಡು, ಅಡುಗೆ, ಕ್ರಿಕೆಟ್ಟು ಇಂಥವನ್ನು ಸುಲಭದ ಅಕ್ಷರಗಳಲ್ಲಿ ತಾವೇ ಬರೆದುಕೊಡುತ್ತಿದ್ದರು. ಆಡಿನ ಮರಿಯ ಕತೆಯನ್ನು ಸಣ್ಣ ಮಕ್ಕಳಿಗೆ ಬಿಟ್ಟುಕೊಟ್ಟರು. ನೋಡಲು ಬಂದವರು ಮಗುವನ್ನು ಓದಿಸಿ ಎಂದರೆ, "ನಾ ಓದ್ತೇನ್ರಿ, ಕೇಳ್ರಿ," ಎನ್ನುತ್ತಿದ್ದರು. ಅದಕ್ಕೆ ಮುಖ್ಯ ಗುರುಗಳಿಂದ ಮಾತು ಕೇಳಿದರು. ಕೊರೊನಾ ಕಳೆದು ಶಾಲೆ ತೆರೆದಾಗ ಅರ್ಧ ತರಗತಿಯೇ ತುಟಿಯಾಡಿಸುತ್ತಿತ್ತು. ಆ ವರ್ಷಗಳಲ್ಲಿ ಆ ಕೋಣೆಯಿಂದ ಎಷ್ಟೋ ಮಕ್ಕಳು ಓದು ಕಲಿತು ಹೊರಬಂದರು. ನಾನು ಅವರ ಹೆಸರು ಹೇಳಿ ಖುಷಿಪಡುವಾಗ ಅಕ್ಕೋರು ಹೂಂ ಎನ್ನುತ್ತಿದ್ದರು. ಅವರ ಮನಸ್ಸು ಬೇರೆಡೆ ಇರುತ್ತಿತ್ತು.

ಆಮೇಲೆ ಅವರಿಗೆ ಹಾವೇರಿಗೆ ವರ್ಗವಾಯಿತು. ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡದ್ದು ಅಲ್ಲಿಗೆ ಹೋದ ಮೇಲೆ. ಚಿಕಿತ್ಸೆಗೆಂದು ಹುಬ್ಬಳ್ಳಿಗೆ ಹೋಗಿ ಬಂದು ಮಾಡಿದರು, ಕೂದಲು ಉದುರಿತು, ದೇಹ ಇಳಿಯಿತು. ನಾನು ಹೋದಾಗಲೆಲ್ಲ ಅವರ ತಂಗಿ ದಿಂಬು ಕೊಟ್ಟು ಅವರನ್ನು ಎಬ್ಬಿಸಿ ಕೂರಿಸುತ್ತಿದ್ದರು. ಅಕ್ಕೋರು ನನ್ನ ತರಗತಿಯ ಒಂದೊಂದು ಮಗುವಿನ ವಿಷಯ ಕೇಳಿ, ಕೊನೆಯಲ್ಲಿ ಮೆಲ್ಲಗೆ, "ಆಕಿ ಸುದ್ದಿ ಏನರ ಗೊತ್ತಾತೇನು?" ಎನ್ನುತ್ತಿದ್ದರು. ಆಕಿ ಯಾರೆಂದು ನಾನು ಕೇಳಬೇಕಿರಲಿಲ್ಲ.

ಸುದ್ದಿ ಸಿಕ್ಕಿದ್ದು ಆಕಸ್ಮಿಕವಾಗಿ. ರಾಣೆಬೆನ್ನೂರಿನಲ್ಲಿ ನಾನು ಸೀರೆಯ ಜಂಪರ್ ಹೊಲಿಸಲು ಹೋದ ಅಂಗಡಿಯಲ್ಲಿ, ಹೊಲಿಗೆ ಯಂತ್ರದ ಮುಂದಿದ್ದ ಎತ್ತರದ ಹುಡುಗಿ ನನ್ನನ್ನೇ ನೋಡುತ್ತಿದ್ದಳು. "ನೀವು ಬ್ಯಾಡಗಿ ಸಾಲಿ ಟೀಚರ್ ಅಲ್ರಿ?" ಎಂದಳು. ಅಕ್ಕೋರಿಗೆ ಹುಷಾರಿಲ್ಲ, ನಿನ್ನನ್ನು ಕೇಳುತ್ತಿರುತ್ತಾರೆ, ಒಮ್ಮೆ ಬಾ ಎಂದೆ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು.

"ಬ್ಯಾಡ್ರಿ. ಅವರ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ಹೋದ್ರ ಅವರು ಓದು ಅಂದ್ರ?"

ಅನ್ನುವುದಿಲ್ಲ ಎಂದು ನಾನು ಹೇಳಿದೆ. ಅವಳು ತಲೆ ಅಲ್ಲಾಡಿಸಿ ಯಂತ್ರ ತುಳಿಯತೊಡಗಿದಳು.

ಹಾವೇರಿಗೆ ಹೋಗಿ ಅಕ್ಕೋರಿಗೆ ತಿಳಿಸಿದೆ. ಹೊಲಿಗೆ ಕಲಿತಿದ್ದಾಳೆ, ಚೆನ್ನಾಗಿದ್ದಾಳೆ, ನಿಮ್ಮ ಮೇಲೆ ಸಿಟ್ಟಿಲ್ಲ ಅಂದಳು ಎಂದೆ. ಉಳಿದದ್ದನ್ನು ಹೇಳಲಿಲ್ಲ.

"ಓದ್ತಾಳೇನು?" ಎಂದರು.

"ಕೇಳಲಿಲ್ರಿ."

ಅವರು ಕಣ್ಣು ಮುಚ್ಚಿಕೊಂಡರು. "ಚೊಲೊ ಮಾಡಿದಿ. ಕೇಳಬಾರದು," ಎಂದರು. ನನ್ನ ಕೈ ಹಿಡಿದುಕೊಂಡಿದ್ದರು. ಬಸ್ಸಿಗೆ ಹೊತ್ತಾಯಿತೆಂದು ನಾನೇ ಬಿಡಿಸಿಕೊಂಡೆ.

ರಮಜಾನ್ ಹತ್ತಿರವಿದ್ದಾಗ ತೀರಿಕೊಂಡರು. ಹುಟ್ಟಿದೂರು ಕರ್ಜಗಿಯಲ್ಲೇ ಮಣ್ಣು ಮಾಡಿದರು. ನಾನು ಹಾವೇರಿಯ ಮನೆಯಲ್ಲಿ ಹೆಂಗಸರ ನಡುವೆ ಕೂತು ಬಂದೆ. ತರಗತಿಯಲ್ಲಿ ಮಕ್ಕಳು ಒಟ್ಟಾಗಿ ಓದುವಾಗ ಅವರಂತೆ ಬಗ್ಗಿ ಕಿವಿ ಕೊಡಲು ನನಗೆ ಕಲಿಸಿದವರು ಅವರು. ಮಗುವಿನ ಗುಟ್ಟು ತಿಳಿದ ಮೇಲೆ ಅದನ್ನು ಕಾಯಬೇಕು ಎಂದು ಕಲಿಸಿದವರೂ ಅವರೇ. ಅದನ್ನು ಅವರು ಎಷ್ಟು ನೋವುಂಡು ಕಲಿತಿದ್ದರೆಂದು ನಾನು ಕಣ್ಣಾರೆ ಕಂಡಿದ್ದೇನೆ.

ಕೆಲವು ದಿನ ಬಿಟ್ಟು ಹೊಲಿಗೆ ಅಂಗಡಿಗೆ ಹೋದೆ. ರೇಣುಕಾ ನನ್ನ ಮುಖ ನೋಡಿ ಯಂತ್ರ ನಿಲ್ಲಿಸಿದಳು.

"ಯಾವಾಗ್ರಿ?"

ಹೇಳಿದೆ. ಅವಳು ಸೂಜಿಯ ಕೆಳಗಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಬೀದಿಯ ಕಡೆ ನೋಡುತ್ತ ಕೂತಳು.

"ಮಣ್ಣು ಎಲ್ಲೆ ಮಾಡಿದ್ರಿ?"

"ಕರ್ಜಗಿಯಾಗ."

ಅವಳು ಎದ್ದು ಬಾಗಿಲತನಕ ಬಂದಳು. ನನಗಿಂತ ಒಂದು ಗೇಣು ಎತ್ತರವಿದ್ದಳು. ತಲೆ ತಗ್ಗಿಸದೆ ನಿಂತಿದ್ದಳು.

"ಹಾವೇರಿಯಿಂದ ಕರ್ಜಗಿಗೆ ಎಷ್ಟೊತ್ತಿಗೆ ಬಸ್ಸು ಇರ್ತಾವ್ರಿ?" ಎಂದು ಕೇಳಿದಳು.