ಅವ್ವ ಕಲಿಸದೆ ಬಿಟ್ಟ ಅಕ್ಷರ

ನಸುಕಿನಲ್ಲಿ ಶಹಾಪುರದ ಹಳ್ಳದ ದಂಡೆಯ ತೋಪಿನೊಳಗೆ ನಡೆಯುವಾಗ, ನಿದ್ದೆಯಿಂದ ನಾನಿನ್ನೂ ಎದ್ದೇ ಇಲ್ಲವೆನಿಸುತ್ತಿತ್ತು. ಹುಣಸೆ, ಬೇವು, ಹೊಂಗೆಗಳು ಒಂದಕ್ಕೊಂದು ಒರಗಿ ನಿಂತಿದ್ದವು. ನಡುವೆ ಹಳ್ಳ ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತ ಹರಿಯುತ್ತಿತ್ತು. ನಿಜಾಮರ ಕಾಲದಲ್ಲಿ ಆ ತೋಪಿಗೆ ಬೀಗವಿತ್ತಂತೆ. ಹೈದರಾಬಾದ್ ಸಂಸ್ಥಾನ ಹೋಗಿ ನಮ್ಮ ಸೀಮೆ ಕನ್ನಡ ನಾಡಿಗೆ ಕೂಡಿದ ಆ ಹೊಸತರಲ್ಲಿ ಗೇಟು ಹಗಲೂ ರಾತ್ರಿ ತೆರೆದೇ ಇರುತ್ತಿತ್ತು. ಮುಂದೆ ಅಪ್ಪ, ಹಿಂದೆ ಅವ್ವ, ಅವಳ ಸೆರಗು ಹಿಡಿದ ನಾನು. ಯಾರಾದರೂ ಎದುರಾದರೆ ಅಪ್ಪ, “ಹವಾ ತಗೋಳಾಕ ಬಂದೀವ್ರಿ” ಅನ್ನುತ್ತಿದ್ದ.

ಅಸಲಿಗೆ ಅಪ್ಪ ಬರುತ್ತಿದ್ದುದು ಕನ್ನಡ ಕಲಿಯಲು. ಕಚೇರಿಯ ಕಾರಕೂನನಾದ ಅವನು ಆಡುತ್ತಿದ್ದುದು ಕನ್ನಡವೇ; ಓದಿದ್ದು, ಬರೆಯುತ್ತಿದ್ದುದು ಉರ್ದು. ಇನ್ನು ಕನ್ನಡದಲ್ಲೇ ಬರೆಯಬೇಕು, ಕಲಬುರ್ಗಿಯ ಪರೀಕ್ಷೆ ಪಾಸಾಗದವರಿಗೆ ನೌಕರಿ ಇಲ್ಲ ಎಂದು ಸುದ್ದಿ ಹಬ್ಬಿತ್ತು. ಅವ್ವನ ತವರು ನಿಜಾಮರ ಸೀಮೆಯಾಚೆ, ಬಿಜಾಪುರದ ಕಡೆ. ಅಲ್ಲಿ ಕನ್ನಡ ಶಾಲೆಯಿತ್ತು, ಅವಳು ಓದಿದ್ದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಅಪ್ಪನಿಗೆ ಮದ್ದಾದದ್ದು ಹಿತ್ತಲ ಗಿಡವೇ. ಹೆಂಡತಿಯ ಮುಂದೆ ಓನಾಮ ತಿದ್ದುವುದನ್ನು ಊರು ನೋಡಿದರೆ ಮರ್ಯಾದೆ ಹೋದೀತೆಂದು ಈ ತೋಪನ್ನು ಹುಡುಕಿದ್ದ.

ಹಳ್ಳದ ತಿರುವಿನ ಹಸಿ ಮರಳಿನಲ್ಲಿ ಅವ್ವ ಬೇವಿನ ಕಡ್ಡಿಯಿಂದ ಬರೆಯುವಳು, ಅಪ್ಪ ತಿದ್ದುವನು. ಉರ್ದುವಿನ ರೂಢಿಗೆ ಅವನ ಕೈ ಬಲಗಡೆಯಿಂದಲೇ ಹೊರಟುಬಿಡುತ್ತಿತ್ತು.

“ಆ ಕಡಿಂದಲ್ರೀ, ಈ ಕಡಿಂದ” ಎಂದು ಅವ್ವ ಸೆರಗು ಬಾಯಿಗಿಟ್ಟು ನಗುವಳು. ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ನೀರಿನ ಮೇಲೆ ಮಂಜು ಆಡುತ್ತಿತ್ತು, ಎಲ್ಲೋ ನವಿಲು ಕೂಗುತ್ತಿತ್ತು, ನಾನು ಬೇರಿಗೊರಗಿ ತೂಕಡಿಸುತ್ತಿದ್ದೆ. ಆ ಬೆಳಗುಗಳು ಮುಗಿಯುವುದೇ ಬೇಡವಾಗಿತ್ತು ನನಗೆ.

ಪರೀಕ್ಷೆಗೆ ಹೊರಡುವ ದಿನ ಅಪ್ಪ ಹುರುಪಿನಿಂದ ತನ್ನ ಹೆಸರು ಬರೆಯಲು ಕೂತ. ಕಡ್ಡಿ ಮರಳಿಗೆ ತಾಗಿ ಅಲ್ಲೇ ನಿಂತಿತು.

“ಮೊದಲ್ನೇ ಅಕ್ಷರಽ ಗೊತ್ತಿಲ್ಲ. ಇದನ್ನ ನೀ ಕಲಿಸೇ ಇಲ್ಲಲ್ಲ?”

ಅವ್ವ ನೆಲ ನೋಡಿದಳು. “ಅದು ನಿಮ್ಮ ಹೆಸರಿಂದು ಅಲ್ಲೇನ್ರೀ? ನಾ ಹೆಂಗ ಬರೀಲಿ?”

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಮ್ಮ ಹೆಂಗಸರು ನಂಬಿದ್ದರು. ಆ ಹೆಸರಿಗೆ ಹತ್ತಿರದ ಮಾತುಗಳನ್ನೂ ಬಾಯಿಗೆ ತರುತ್ತಿರಲಿಲ್ಲ. ನಮ್ಮವ್ವ ಎಲ್ಲರಿಗಿಂತ ಒಂದು ಕೈ ಮೇಲು, ಅಕ್ಷರವನ್ನೇ ನುಂಗಿಬಿಟ್ಟಿದ್ದಳು! ಅಪ್ಪ ಮೊದಲು ಗಹಗಹಿಸಿ ನಕ್ಕ. ಆಮೇಲೆ ಅವನ ಮುಖ ಇಳಿಯಿತು.

“ತನ್ನ ಹೆಸರು ಬರಿಯಾಕ ಬರದಾವ್ನ ಯಾರು ಪಾಸ್ ಮಾಡ್ತಾರ? ನೌಕರಿ ಹೋಗ್ತದ ನೋಡು.”

ಅವ್ವನ ಕಣ್ಣು ತುಂಬಿದ್ದವು. ಆಮೇಲೆ ಕುಕ್ಕರುಗಾಲಿನಲ್ಲಿ ಕೂತು, ಕೊರಳಿನ ತಾಳಿಯನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಬಲಗೈಯಿಂದ ಆ ಹೆಸರನ್ನು ಪೂರ್ತಿ ಬರೆದಳು. ನನಗೆ ಭಯವಾಗಿ ಅಳು ಬಂತು.

ಅಪ್ಪ ತಿದ್ದಿ ತಿದ್ದಿ ಕಲಿತ. ಬಸ್ಸಿಗೆ ಹೊತ್ತಾಯಿತೆಂದು ಎದ್ದವನು ಮರಳಿನ ಮೇಲಿನ ಬರಹವನ್ನು ಚಪ್ಪಲಿಯಿಂದ ಅಳಿಸಲು ಕಾಲೆತ್ತಿದ.

“ಕಾಲು ಹಚ್ಚಬ್ಯಾಡ್ರಿ!” ಅವ್ವ ಚೀರಿದಳು. ಹೆಸರಿದ್ದ ಮರಳನ್ನೆಲ್ಲ ಬೊಗಸೆಯಲ್ಲಿ ಬಳಿದು ಬಳಿದು ಹಳ್ಳಕ್ಕೆ ಬಿಟ್ಟಳು.

ಅಪ್ಪ ಪಾಸಾದ, ನೌಕರಿ ಉಳಿಯಿತು. ಆದರೆ ಮುಂದೆ ಅಪ್ಪ ಒಮ್ಮೆ ಕೆಮ್ಮಿದರೂ ಸಾಕು, ಅವ್ವ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಓಡಿ ಬರುತ್ತಿದ್ದಳು.